ಸಾಕ್ಷಿಗೆ ಕರೆದಾಗ

ತಮ್ಮನ ಕೊರಳಿನ ಹಾರಗಳನ್ನು ಗಿರಿ ಒಂದೊಂದಾಗಿ ತೆಗೆದು ಪಕ್ಕಕ್ಕೆ ಹಾಕುತ್ತಿದ್ದ. ತೆಗೆದಷ್ಟೂ ಬರುತ್ತಿದ್ದವು. ಕೋಗಿಲು ಬಡಾವಣೆಯ ಆ ಸಣ್ಣ ರಸ್ತೆಯಲ್ಲಿ ಇಷ್ಟು ಕಾರುಗಳು ನಿಂತದ್ದನ್ನು ಅವನು ನೋಡಿರಲಿಲ್ಲ. ಹೆಚ್ಚಿನವನ್ನು ಹೆಂಗಸರೇ ಓಡಿಸಿಕೊಂಡು ಬಂದಿದ್ದರು. ತಮ್ಮ ಉಮೇಶ್, ಡ್ರೈವಿಂಗ್ ಸ್ಕೂಲೊಂದರಲ್ಲಿ ಕಾರು ಕಲಿಸುತ್ತಿದ್ದವನು.

"ತಲೆ ನರೆತ ಮೇಲೆ ಕಲಿಯೋಕೆ ಬಂದೋಳು ನಾನು," ಎಂದರು ವಿದ್ಯಾರಣ್ಯಪುರದಿಂದ ಬಂದಿದ್ದ ಶಾಂತಲಾ. "ಮನೇಲೆಲ್ಲ ನಗೋರು. ಇವರೊಬ್ರು ನಗ್ಲಿಲ್ಲ."

ನಿನ್ನೆ ಬೆಳಿಗ್ಗೆ ಉಮೇಶನಿಗೆ ಕಲಿಸುತ್ತಿದ್ದಾಗಲೇ ಎದೆ ಹಿಡಿದುಕೊಂಡಿತಂತೆ. ಕಲಿಯುತ್ತಿದ್ದ ಹುಡುಗಿಗೆ ಎಡಕ್ಕೆ ನಿಲ್ಲಿಸಲು ಹೇಳಿ, ತಾನೇ ಹ್ಯಾಂಡ್‌ಬ್ರೇಕ್ ಎಳೆದು, ಸೀಟಿಗೆ ಒರಗಿದವನು ಮತ್ತೆ ಏಳಲಿಲ್ಲ. ಮದುವೆಯಾಗಿ ವರ್ಷ ತುಂಬಿರಲಿಲ್ಲ.

ಚಿಕ್ಕಪ್ಪ ಚಿಕ್ಕಬೈರಪ್ಪ ಗಿರಿಯ ತೋಳು ಹಿಡಿದು ಶಾಮಿಯಾನದ ಮೂಲೆಗೆ ಕರೆದೊಯ್ದ.

"ಮನೆ ಪತ್ರ ಎಲ್ಲೈತೆ?"

"ಒಳಗಿರ್ಬೇಕು."

"ಮನೆ ಅವ್ನು ಕಟ್ಟಿರಬೌದು, ಜಾಗ ನಿಮ್ಮಪ್ಪಂದು ಕಣೋ. ಅವ್ನ ಎಂಡ್ತಿ ನಾಳೆ ಅಮೃತಹಳ್ಳಿಗೆ, ತೌರಿಗೆ ಓಗ್ಬುಟ್ರೆ ಪತ್ರಾನೂ ಓಯ್ತದೆ. ಈಗ್ಲೇ ಇಸ್ಕೊ. ಆಮ್ಯಾಕೆ ಕೇಳೋಕಾಗಲ್ಲ."

ಗಿರಿ ಮನೆಯೊಳಕ್ಕೆ ನಡೆದ.

*

ಮದುವೆಯ ಹೊಸತರಲ್ಲಿ ಉಮೇಶ್ ಒಂದು ಸಂಜೆ ಅಣ್ಣನ ಹಾರ್ಡ್‌ವೇರ್ ಅಂಗಡಿಗೆ ಬಂದಿದ್ದ. ಮಾತು ಹೇಗೆ ತೆಗೆಯುವುದೆಂದು ತಿಳಿಯದೆ ಗಲ್ಲಾದ ಮುಂದಿದ್ದ ಮೊಳೆಗಳನ್ನು ಕೈಯಲ್ಲಿ ಆಡಿಸುತ್ತಿದ್ದ.

"ಅಣ್ಣ, ಒಂದು ವಿಲ್ ಬರೆಸ್ತಾ ಇದೀನಿ. ನೀನು ಸಾಕ್ಷಿ ಹಾಕ್ಬೇಕು."

"ಬಾಸಿಂಗ ಬಿಚ್ಚಿ ಇನ್ನೂ ಎಷ್ಟ್ ದಿನ ಆಯ್ತೋ? ಅವಳು ಬರೆಸ್ಕೊಳ್ತಾ ಇದಾಳಾ?"

"ಇಲ್ಲಣ್ಣ, ಅವಳಿಗೆ ಈ ಮಾತೇ ಬೇಡ. ದಿನವೆಲ್ಲ ರೋಡಲ್ಲಿರೋನು ನಾನು. ಅಮ್ಮನ್ನ, ಧನಾನ ಆ ಮನೆಯಿಂದ ಯಾರೂ ಎಬ್ಬಿಸ್ಬಾರ್ದು. ಅಷ್ಟೇ."

ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಗಿರಿ ಅವರ ಕಡೆ ತಿರುಗಿದ. "ಊರಿಗೆಲ್ಲ ಡ್ರೈವಿಂಗ್ ಕಲಿಸ್ತಾನೆ ನಮ್ಮ ತಮ್ಮ. ಇವನ ಸ್ಟೀರಿಂಗ್ ಯಾರ ಕೈಲಿದೆ ನೋಡಿ."

ಎಲ್ಲರೂ ನಕ್ಕರು. ಉಮೇಶನೂ ನಕ್ಕ. ಕಿವಿ ಮಾತ್ರ ಕೆಂಪಗಾಗಿತ್ತು. ಮತ್ತೆಂದೂ ಆ ಮಾತು ಎತ್ತಲಿಲ್ಲ.

*

ಒಳಗೆ ಉಮೇಶನ ಹೆಂಡತಿ ಧನಲಕ್ಷ್ಮಿ, ಅತ್ತೆ ಮುನಿಗಂಗಮ್ಮನ ತಲೆಯನ್ನು ಎದೆಗೆ ಆನಿಸಿಕೊಂಡು ನೀರು ಕುಡಿಸುತ್ತಿದ್ದಳು.

"ಮನೆ ಪತ್ರಗಳು ಎಲ್ಲಿವೆಯಮ್ಮ? ಜನ ಓಡಾಡ್ತಾ ಇದಾರೆ, ಜೋಪಾನ ಮಾಡೋಣ ಅಂತ," ಎಂದ ಗಿರಿ. ತನ್ನ ದನಿ ತನಗೇ ಚಿಕ್ಕಪ್ಪನ ದನಿಯಂತೆ ಕೇಳಿಸಿತು.

ಅವಳು ಲೋಟ ಕೆಳಗಿಟ್ಟು, ಎದ್ದು ಬೀರು ತೆಗೆದು ಬಟ್ಟೆಚೀಲವೊಂದನ್ನು ತಂದುಕೊಟ್ಟಳು.

"ಎಲ್ಲಾ ಇದರಲ್ಲೇ ಇದೆ ಭಾವ. ನಿಮ್ಮ ಕೈಲಿರೋದೇ ಒಳ್ಳೇದು. ಅವತ್ತು ಇವರು ನಿಮ್ಮ ಅಂಗಡಿಯಿಂದ ಬಂದು ಹೇಳಿದ್ರು. ವಿಲ್ಲೂ ಬೇಡ ಏನೂ ಬೇಡ, ನಾನಿದೀನಿ ಬಿಡು ಅಂದ ಅಣ್ಣ, ಅಂತ."

ಮುನಿಗಂಗಮ್ಮ ತಲೆಯೆತ್ತಿ ಹಿರಿಮಗನ ಮುಖ ನೋಡಿದಳು. "ನೀನ್ ಅಂಗಂದ್ಯಾ ಗಿರಿ?"

ಗಿರಿ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಹೊರಗೆ ತಮಟೆ ಶುರುವಾಯಿತು. ಹೊರಡಲು ಕರೆದರು.

*

ಲೇಔಟಿಗೆ ಬಿಟ್ಟುಕೊಟ್ಟು ಉಳಿದಿದ್ದ ತುಂಡು ಹೊಲದಲ್ಲಿ, ಅಪ್ಪನ ಸಮಾಧಿಯ ಪಕ್ಕ ಗುಂಡಿ ತೋಡಿದ್ದರು. ಉಮೇಶನ ಜೊತೆ ಕಾರು ಕಲಿಸುತ್ತಿದ್ದ ರಿಯಾಜ್ ಗುಂಡಿಗಿಳಿದು, ದೇಹವನ್ನು ಮೆಲ್ಲಗೆ ಇಳಿಸಿಕೊಂಡು ಮೇಲೆ ಬಂದ.

"ಅಣ್ಣಾವ್ರೇ, ಮೊದ್ಲು ನೀವು. ಎರಡೂ ಕೈಲಿ ಮಣ್ಣು ಹಾಕಿ."

ಗಿರಿ ಬಗ್ಗಿದ. ಒಂದು ಕೈಯಷ್ಟೇ ಬಿಡುವಾಗಿತ್ತು. ಇನ್ನೊಂದರ ಕಂಕುಳಲ್ಲಿ ಪತ್ರದ ಚೀಲವಿತ್ತು. ಸುತ್ತಲಿದ್ದವರೆಲ್ಲ ಅದನ್ನು ನೋಡುತ್ತಿದ್ದರು.

"ಇಲ್ಲಿ ಕೊಡು, ನಾನಿಟ್ಕೊಂಡಿರ್ತೀನಿ," ಎಂದು ಚಿಕ್ಕಬೈರಪ್ಪ ಕೈ ಚಾಚಿದ.

ಗಿರಿ ಅವನನ್ನು ದಾಟಿ, ಹೆಂಗಸರು ನಿಂತಿದ್ದ ಹೊಂಗೆಮರದ ಕಡೆ ನಡೆದ. ಧನಲಕ್ಷ್ಮಿಯ ಮುಂದೆ ಚೀಲ ಹಿಡಿದ. ಅವಳು ಕುಸಿಯುತ್ತಿದ್ದ ಅತ್ತೆಯನ್ನು ಎರಡೂ ಕೈಯಲ್ಲಿ ತಬ್ಬಿ ನಿಲ್ಲಿಸಿಕೊಂಡಿದ್ದಳು. ತೆಗೆದುಕೊಳ್ಳಲು ಕೈಯಿರಲಿಲ್ಲ.

ಅವನು ಚೀಲ ಚಾಚಿಕೊಂಡೇ ನಿಂತ. ಹೊತ್ತಾಯಿತೆಂದು ಯಾರೋ ಅಂದರು. ಅವನ ಬೆನ್ನ ಹಿಂದೆ, ಅವನ ಹಿಡಿಮಣ್ಣಿಗೆ ಕಾಯದೆ, ಸನಿಕೆಗಳು ಗುಂಡಿಗೆ ಮಣ್ಣೆಳೆಯತೊಡಗಿದವು.