ಹರಿಕಲಾಳ ತಾಮ್ರದ ಕೊಡ

ಗಂಡನ ತಿಥಿಗೆ ಬಂದವರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಚೈತ್ರ ಬಾಗಿಲು ತೆರೆದಾಗ ಜಗಲಿಯ ಬಿಂದಿಗೆಗಳು ತುಂಬಿದ್ದವು. ಇಷ್ಟು ದಿನ ನೆಂಟರು ನೀರು ಹಿಡಿದಿಡುತ್ತಿದ್ದಾರೆ ಎಂದುಕೊಂಡಿದ್ದಳು. ಈಗ ನೆಂಟರಿರಲಿಲ್ಲ. ಬೀದಿಯ ಕೊನೆಯಲ್ಲಿ ಹರಿಕಲಾ ಒದ್ದೆ ಸೆರಗು ಸಿಕ್ಕಿಸಿಕೊಂಡು ಮಗ್ಗದ ಶೆಡ್ಡಿನ ಕಡೆ ಓಡುತ್ತಿದ್ದಳು.

ಹರಿಕಲಾ, ಅವಳ ಗಂಡ ಟೇಕ್ ಬಹದ್ದೂರ್ ನೇಪಾಳದವರು. ದೊಡ್ಡಬಳ್ಳಾಪುರದ ಈ ಬೀದಿಗೆ ಬಂದು ಎಷ್ಟೋ ವರ್ಷವಾಗಿತ್ತು. ಮಗಳು ಹುಟ್ಟಿದ್ದೂ ಇಲ್ಲೇ. ಇಲ್ಲಿರಲು, ದುಡಿಯಲು ಕಾನೂನಿನ ಅಡ್ಡಿಯಿರಲಿಲ್ಲ. ಓಟು ಮಾತ್ರ ಇರಲಿಲ್ಲ. ಬೀದಿಯ ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ, ಇಬ್ಬರೂ ಬೇರೆಯವರ ಮಗ್ಗದ ಮುಂದೆ ನಿಂತಿರುವ ಹೊತ್ತಿಗೆ. ಅದಕ್ಕೇ ಚೈತ್ರಳ ಗಂಡ ದೇವರಾಜ್ ತಮ್ಮ ಬಿಂದಿಗೆಗಳ ಜೊತೆ ಅವರದ್ದನ್ನೂ ತುಂಬಿಸಿಡುತ್ತಿದ್ದ. ಅವನು ಹೋದ ಮೇಲೆ ಹರಿಕಲಾ ಮಗ್ಗ ನಿಲ್ಲಿಸಿ, ಮಾಲೀಕನಿಂದ ಬೈಸಿಕೊಂಡು, ಇವಳ ಮನೆಗೆ ನೀರು ಹಿಡಿಯುತ್ತಿದ್ದಳು.

ಚೈತ್ರ ಒಂದು ಲೋಟ ಕುಡಿದಳು. ಅವನು ಹೋದಂದಿನಿಂದ ಬಾಯಿಗೆ ಏನೂ ತಿಳಿಯುತ್ತಿರಲಿಲ್ಲ. ಈ ನೀರು ತಣ್ಣಗಿದೆ ಎಂಬುದು ತಿಳಿಯಿತು.

ಬಿಸಿಲೇರುವ ಹೊತ್ತಿಗೆ ಬೀದಿಯ ಹಿರಿಯ ಅಪ್ಪಯ್ಯಣ್ಣ ಬಂದ. ನೀರು ಬೆಳಿಗ್ಗೆಯೇ ಬರಬೇಕೋ, ಸಂಜೆಗೆ ಬದಲಾಗಬೇಕೋ ಎಂದು ನಗರಸಭೆ ಬೀದಿಗೇ ಬಿಟ್ಟಿದ್ದ ತೀರ್ಮಾನ ದೇವರಾಜನ ಸಾವಿನಿಂದ ನಿಂತುಹೋಗಿತ್ತು. ಇಂಥದ್ದಕ್ಕೆಲ್ಲ ನೇಕಾರರ ಈ ಬೀದಿಯಲ್ಲಿ ಮನೆಗೊಂದು ಮತ, ಅದೂ ಕಂಡಿಕೆಯಿಂದ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿಯಿಂದ. ಕೈಗೆ ಎರಡು ಕೊಡುತ್ತಾರೆ: ನೂಲಿರುವುದು ಬೆಳಿಗ್ಗೆಗೆ, ನೂಲು ಮುಗಿದದ್ದು ಸಂಜೆಗೆ. ಎರಡನ್ನೂ ಮರೆಯಲ್ಲಿ ಹಿಡಿದು, ಬೇಕಾದ್ದನ್ನು ಕೊಡದೊಳಗೆ ಬಿಡಬೇಕು. ಬಾಯಿ ಕಿರಿದು, ಒಳಗಿನದು ಕಾಣದು ಎಂದು ದೇವರಾಜ್ ಹರಿಕಲಾಳ ತಾಮ್ರದ ಕೊಡವನ್ನೇ ಕೇಳಿ ತಂದಿಟ್ಟಿದ್ದ.

ಕೊಡ ಒಯ್ಯುತ್ತೇನೆ, ನಿನ್ನ ಕಂಡಿಕೆಯನ್ನೂ ನಾನೇ ಹಾಕುತ್ತೇನೆ ಎಂದ ಅಪ್ಪಯ್ಯಣ್ಣ. ಚೈತ್ರ ಕೊಡದ ಬಾಯಿಯ ಮೇಲೆ ಕೈಯಿಟ್ಟಳು.

"ಹರಿಕಲಾಗೂ ಕಂಡಿಕೆ ಕೊಡ್ತೀರಾ?"

"ಓಟೇ ಇಲ್ದೋರಿಗೆ ಕಂಡಿಕೆ ಹೆಂಗಮ್ಮ?"

"ಇದು ನಗರಸಭೆ ಓಟಲ್ಲ ಅಪ್ಪಯ್ಯಣ್ಣ, ನಮ್ ನಲ್ಲೀದು. ನೀವು ಕಂಡಿಕೆ ಹಾಕೋ ಕೊಡನೇ ಅವಳದು."

"ನಿನ್ ಗಂಡನೂ ಹಿಂಗೇ ತಲೆ ತಿಂತಿದ್ದ. ಇನ್ನಾದ್ರೂ ಆರಾಮಾಗಿರಾನ ಅಂದ್ರೆ..." ಅಂದವನು ನಾಲಿಗೆ ಕಚ್ಚಿಕೊಂಡ.

"ಇನ್ಮೇಲೆ ನಾನು ತಿಂತೀನಿ," ಎಂದಳು. ನಗು ಬಂದುಬಿಟ್ಟಿತು, ಅವಳಿಗೇ ಗೊತ್ತಿಲ್ಲದೆ.

ಭಾನುವಾರ ಬೀದಿಯವರು ಸೇರಿದರು. ಮಗ್ಗದ ಮಾಲೀಕ ಉಮಾಶಂಕರ್, ಇವತ್ತು ಕಂಡಿಕೆ ಕೊಟ್ಟರೆ ನಾಳೆ ವಾರ್ಡಿನ ಸೀಟನ್ನೇ ಕೇಳುತ್ತಾರೆ ಎಂದು ಗೊಣಗಿದ. ಸಭೆಯಲ್ಲಿ ಎಂದೂ ಬಾಯಿ ತೆರೆಯದ ಚೈತ್ರ ಎದ್ದು, ತನ್ನ ಮನೆಗೆ ಇಷ್ಟು ದಿನ ನೀರು ಹಿಡಿದವರು ಯಾರೆಂದು ಹೇಳಿ ಕೂತಳು. ಅಷ್ಟೇ ಹೇಳಿದ್ದು. ಆಮೇಲೆ ಅಪ್ಪಯ್ಯಣ್ಣನೇ ಎರಡು ಕಂಡಿಕೆ ಆರಿಸಿ ಹರಿಕಲಾಳಿಗೆ ಕೊಟ್ಟ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ತನ್ನದೇ ಕೊಡದೊಳಗೆ ಒಂದನ್ನು ಇಳಿಸಿದಳು.

ಕೊಡ ಬೋರಲು ಹಾಕಿದಾಗ ನೂಲಿಲ್ಲದ, ಸಂಜೆಯ ಕಂಡಿಕೆಗಳೇ ಹೆಚ್ಚು ಬಿದ್ದವು. ಹರಿಕಲಾಳಂತೆ ಬೆಳಿಗ್ಗೆ ಮಗ್ಗಕ್ಕೆ ಹೋಗುವ ಹೆಂಗಸರು ಬೀದಿಯಲ್ಲಿ ಇನ್ನೂ ಹಲವರಿದ್ದರು.

ಸಂಜೆಯ ನೀರು ಮೊದಲ ಸಲ ಬರುವ ಹೊತ್ತಿಗೆ ಚೈತ್ರ ತಾಮ್ರದ ಕೊಡವನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದಿದ್ದಳು. ಕೇಳಿ ತಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವಂತಿಲ್ಲ. ತನ್ನ ಬಿಂದಿಗೆಗಳಿಗಿಂತ ಮೊದಲು ಅದನ್ನೇ ತುಂಬಿ, ಸೊಂಟದ ಮೇಲಿಟ್ಟುಕೊಂಡು ಹರಿಕಲಾಳ ಬಾಗಿಲಿಗೆ ಹೋದಳು.

"ಅವರು ತಂದಿದ್ದು," ಎಂದಳು. "ವಾಪಸ್ ಕೊಡೋದು ತಡ ಆಯ್ತು."

ಹರಿಕಲಾ ಎರಡೂ ಕೈಯಲ್ಲಿ ಕೊಡವನ್ನು ಇಳಿಸಿಕೊಂಡಳು.