ಮರ್ಡೊ ಓಗೊಡಲಿಲ್ಲ

ಮತ್ತೆ ಸೀಟಿ, ಊರಲ್ಲಿ, ಲೂಯಿಸ್ ದ್ವೀಪದ ಗುಡ್ಡದಲ್ಲಿ ಮಂಜು ಕವಿದಾಗ ಕುರಿ ಕಾಯುವವರು ಒಬ್ಬರನ್ನೊಬ್ಬರು ಹುಡುಕುವ ಸೀಟಿ, ಈ ಫ್ರಾನ್ಸಿನ ಕೆಸರಿನಲ್ಲಿ ಅದನ್ನು ಹಾಕಬಲ್ಲವನು ಒಬ್ಬನೇ, ಮರ್ಡೊನ ತಂಗಿ ಪೆಗಿಯ ಗಂಡ ಫಿನ್ಲೇ — ಕತ್ತೆ, ಕಂದಕ ಬಿಟ್ಟು ಈಚೆ ಬಂದಿದ್ದಾನೆ, ತನ್ನನ್ನು ಎತ್ತಿಕೊಂಡು ಹೋಗಲು. ಗುಂಡಿಯಲ್ಲಿ ಬಿದ್ದಿರುವ ಮರ್ಡೊನ ತುಟಿಗಳು ತಾವಾಗಿಯೇ ಮುಂದೆ ಬರುತ್ತವೆ, ಸೀಟಿಗೆ ಮರುಸೀಟಿ ಹಾಕದಿದ್ದರೆ ಅಪ್ಪ ಕೋಲು ಎತ್ತುತ್ತಿದ್ದ, ಸಾಯ್ತಿದ್ರೂ ಓಗೊಡ್ಬೇಕು ಕಣೋ — ಇಲ್ಲ, ಬೇಡ, ಓಗೊಟ್ಟರೆ ನೇರ ಇಲ್ಲಿಗೇ ಬರುತ್ತಾನೆ, ಎದುರಿನ ಮಷಿನ್‌ಗನ್ನಿನವನಿಗೂ ಕಿವಿಯಿದೆ, ಮಂಜು ಬೇರೆ ತೆಳ್ಳಗಾಗುತ್ತಿದೆ. ಸೊಂಟದ ಕೆಳಗೆ ಏನು ಉಳಿದಿದೆಯೋ, ಉಟ್ಟ ಉಣ್ಣೆಯ ಕಿಲ್ಟು ಒದ್ದೆ, ನೀರೋ ರಕ್ತವೋ ನೋಡುವ ಧೈರ್ಯವಿಲ್ಲ, ಧೈರ್ಯವಂತೆ, ಧೈರ್ಯಕ್ಕೇ ಅಲ್ಲವೇ ಆ ದರಿದ್ರ ಪದಕ ಕೊಟ್ಟದ್ದು, ಕ್ಯಾಪ್ಟನ್‌ನನ್ನು ಗುಂಡಿನ ಮಳೆಯಲ್ಲಿ ಹೊತ್ತು ತಂದನೆಂದು, ಅರ್ಧ ದಾರಿಯಲ್ಲೇ ಅವನ ಉಸಿರು ನಿಂತದ್ದು ಮರ್ಡೊನ ಬೆನ್ನಿಗೆ ಗೊತ್ತಾಗಿತ್ತು, ಇಳಿಸಲು ಹೆದರಿ ಓಡುತ್ತಲೇ ಇದ್ದ, ಹೆಣ ಹೊತ್ತವನಿಗೆ ರಜೆಯಲ್ಲಿ ಹೋದಾಗ ಊರಿಡೀ ಜೈಕಾರ, ಎಂದೂ ನಗದ ಪಾದ್ರಿಗಳೂ ನಕ್ಕು ಕೈಕುಲುಕಿದರು, ಪೆಗಿ ಮಾತ್ರ ಹೆರಿಂಗ್ ಮೀನು ಸೀಳುತ್ತಾ ತಲೆ ಎತ್ತಲಿಲ್ಲ, ಪದಕ ಬಂದಿರೋನು ನೀನು ಅಣ್ಣ, ಇವ್ರು ನಿನ್ನ ನೋಡಿನೇ ಸೈನ್ಯಕ್ಕೆ ಸೇರಿದ್ದು, ನೀನೇ ವಾಪಸ್ ಕರ್ಕೊಂಡ್ ಬಾ. ಆಯ್ತು ಅಂದಿದ್ದ. ಅಷ್ಟು ಸುಲಭವಾಗಿ ಆಯ್ತು ಅಂದುಬಿಟ್ಟಿದ್ದ.

ಭಾವ, ಎಲ್ಲಿದ್ದೀಯಾ, ಸತ್ತಂಗೆ ನಾಟ್ಕ ಆಡ್ಬೇಡ, ನಿನ್ನ ಬಿಟ್ಟು ಹೋದ್ರೆ ನಿನ್ ತಂಗಿ ನನ್ನ ಚರ್ಮ ಸುಲೀತಾಳೆ — ದನಿ ಎಷ್ಟು ಹತ್ತಿರ, ಕೈಚಾಚಿದರೆ ಸಿಗುವಷ್ಟು, ನೋವು ಹೊಟ್ಟೆಯಿಂದ ಗಂಟಲಿಗೆ ಏರಿಬರುತ್ತಿದೆ, ಒಂದು ನರಳಿಕೆ ಹೊರಬಿದ್ದರೆ ಇಬ್ಬರದೂ ಮುಗಿಯಿತು, ಮರ್ಡೊ ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡು ಕಚ್ಚುತ್ತಾನೆ, ಉಣ್ಣೆ, ಮಣ್ಣು, ಉಪ್ಪು, ಹೋಗೋ, ಹೋಗಬೇಡ, ಒಬ್ಬನೇ ಸಾಯಲು ಹೆದರಿಕೆ ಕಣೋ, ಹೋಗು ಹೋಗು, ಒಂದೇ ಒಂದು ಸಲ ಮುಖ ತೋರಿಸಿ ಹೋಗು, ಬೇಡ, ಈ ಕಡೆ ತಿರುಗಲೇ ಬೇಡ. ಕಂದಕದಿಂದ ಯಾರೋ ಕೂಗುತ್ತಾರೆ, ಏ ಫಿನ್ಲೇ, ವಾಪಸ್ ಬಾರೋ, ಅವ್ನು ಮುಗ್ದೋದ, ಮಂಜು ಹೋಗ್ತಾ ಇದೆ. ಆಮೇಲೆ ಅಳು, ಗಂಡಸಿನ ಒರಟು ಅಳು, ತೆವಳುವ ಸದ್ದು, ಗುಂಡಿಯ ಅಂಚಿನಾಚೆ ಮಂಜಿನಲ್ಲಿ ಎರಡು ಬೂಟಿನ ತಳ, ಅದಕ್ಕೆ ಬಡಿದ ಸಾಲು ಮೊಳೆಗಳು, ಮನೆ ಕಡೆ ಹೊರಟಿವೆ ಪೆಗಿ, ಹೊರಟಿವೆ, ಎಡಗಾಲಿನದರಲ್ಲಿ ಒಂದು ಮೊಳೆ ಉದುರಿದೆ, ನೀರು ಒಳಗೆ ಹೋಗುತ್ತೆ, ಯಾರಾದರೂ ಹೇಳಬೇಕು ಅವನಿಗೆ, ಬೂಟಿನ ತಳ, ಸಾಲು ಮೊಳೆಗಳು, ಒಂದು ಉದುರಿದೆ, ಆ ತೂತು, ಎಡಗಾಲು, ಆ ತೂತು —