ಅರಿಶಿನದ ಕೆಳಗೆ

ಬಾಗಿಲು ಅಲುಗಿತು — ಇಲ್ಲ, ಗಾಳಿ, ಬರೀ ಗಾಳಿ, ಕಾರಿಡಾರಿನ ಕಿಟಕಿಯನ್ನು ಯಾರೋ ತೆರೆದಿಟ್ಟಿದ್ದಾರೆ, ಅದಕ್ಕೇ ಆಪರೇಷನ್ ಥಿಯೇಟರಿನ ಬಾಗಿಲು ಬೆರಳಷ್ಟು ಒಳಕ್ಕೆ ಹೋಗಿ ಮತ್ತೆ ತನ್ನ ಜಾಗಕ್ಕೆ ಬಂತು, ನಿಂಗರಾಜುವಿನ ಎದೆಯೂ ಅದರ ಜೊತೆಗೇ ಹೋಗಿ ಬಂತು, ತೆರೀಬೇಡ ಕಣಪ್ಪಾ, ಇಷ್ಟು ಬೇಗ ತೆರೀಬೇಡ. ಆ ಬೆಂಚಿನ ಮೇಲೆ ಕೂತವರೆಲ್ಲ ಬಾಗಿಲು ಯಾವಾಗ ತೆರೆಯುತ್ತದೋ ಎಂದು ಕಾಯುತ್ತಿದ್ದರೆ ಅವನೊಬ್ಬ ಅದು ಮುಚ್ಚೇ ಇರಲಿ ಎಂದು ಕಾಯುತ್ತಿದ್ದಾನೆ, ಒಳಗೆ ಹೆಂಡತಿ, ಜಯಲಕ್ಷ್ಮಮ್ಮ, ಹೊಟ್ಟೆ ತೆರೆದುಕೊಂಡು ಮಲಗಿದ್ದಾಳೆ. ಡಾಕ್ಟರಮ್ಮ ರಂಜಿತ ನಿನ್ನೆ ಕೂರಿಸಿಕೊಂಡು ಹೇಳಿದ್ದರು, ನೋಡಿ ನಿಂಗರಾಜು ಅವರೇ, ಮೇದೋಜೀರಕದ ತಲೆ ಅಂತೀವಲ್ಲ ಅಲ್ಲಿ ಗಡ್ಡೆ ಇದೆ, ಅದು ಪಿತ್ತ ಇಳಿಯೋ ಕೊಳವೇನ ಅಮುಕಿಬಿಟ್ಟಿದೆ, ಸ್ಕ್ಯಾನಲ್ಲಿ ನೋಡಿದ್ರೆ ತೆಗೀಬಹುದು ಅನ್ಸುತ್ತೆ, ಆದ್ರೆ ಕಣ್ಣಾರೆ ನೋಡೋವರೆಗೂ ನಾನು ಮಾತು ಕೊಡಲ್ಲ, ಲಿವರಿಗೆ ಹಬ್ಬಿದ್ರೆ ತೆಗೆದೂ ಪ್ರಯೋಜನ ಇಲ್ಲ, ಹೊಲಿದು ಬೇಗ ಹೊರಗೆ ಬಂದ್ಬಿಡ್ತೀವಿ, ತೆಗೆಯೋ ಹಾಗಿದ್ರೆ ಸಾಯಂಕಾಲ ಆಗುತ್ತೆ. ಬೇಗ ಬಂದರೆ ಕೆಟ್ಟದ್ದು, ತಡವಾದರೆ ಒಳ್ಳೆಯದು, ಇಡೀ ಜನ್ಮ ಆಲೆಮನೆಯಲ್ಲಿ ಕಳೆದವನಿಗೆ ಇದು ತಲೆಕೆಳಗು ಲೆಕ್ಕ, ಅಲ್ಲಿ ಒಂದು ಗಳಿಗೆ ತಡವಾದರೆ ಪಾಕ ಸೀದು ಕೊಪ್ಪರಿಗೆಯೆಲ್ಲ ಕಹಿ, ಇಳಿಸ್ರಲಾ ಇಳಿಸ್ರಲಾ ಎಂದು ಕೂಗಿ ಕೂಗಿಯೇ ಅವನ ಗಂಟಲು ಒಡೆದಿರುವುದು, ಇಲ್ಲಿ ಮಾತ್ರ ಇಳಿಸಬೇಡಿ, ಇನ್ನೂ ಬೇಯಲಿ, ನಿಧಾನವಾಗಲಿ, ಹೊತ್ತು ಮುಳುಗಲಿ.

ಅಪ್ಪಾ ಒಂದು ಇಡ್ಲೀನಾದ್ರೂ ತಿನ್ನಪ್ಪ, ಬೆಳಗಿಂದ ಹಂಗೇ ಕೂತಿದ್ದೀಯ. ಮಗಳು ಮೇಘನ, ಕೈಯಲ್ಲಿ ಪೊಟ್ಟಣ, ಚಟ್ನಿ ಸೋರಿ ಕಾಗದ ಒದ್ದೆಯಾಗಿದೆ, ಆಮೇಲೆ ತಿಂತೀನಿ ಇಡವ್ವ, ಆಮೇಲೆ ಅಂದರೆ ಯಾವಾಗಪ್ಪ, ಆಮೇಲೆ ಅಂದರೆ ಆಮೇಲೆ. ಕಿಟಕಿಯಾಚೆ ತೆಂಗಿನ ಮರಗಳು, ಕೆಂಪು ನೆಲ, ನಾಗಮಂಗಲದ ಕಡೆಯ ಈ ಒಣ ಬಯಲಲ್ಲಿ ಕಬ್ಬಿನ ಒಂದು ಗರಿಯೂ ಕಾಣುವುದಿಲ್ಲ, ತನ್ನೂರು ಶೀಳನೆರೆಯಲ್ಲಿ ಬಾಗಿಲು ತೆರೆದರೆ ಕಬ್ಬು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕಬ್ಬು, ಕಬ್ಬೇ ಅಲ್ಲವೆ ಅವನ ಕಣ್ಣಿಗೆ ಮಂಕುಬೂದಿ ಎರಚಿದ್ದು — ಅವಳು ಕೈ ಕೆರೆದುಕೊಳ್ಳುತ್ತಿದ್ದಳು, ಕಾಲು ಕೆರೆದುಕೊಳ್ಳುತ್ತಿದ್ದಳು, ಬೆನ್ನನ್ನು ಬಾಗಿಲ ಪಟ್ಟಿಗೆ ಉಜ್ಜಿಕೊಳ್ಳುತ್ತಿದ್ದಳು, ಅವನು ಏನಂದ, ಕಬ್ಬಿನ ಗರಿ ಸುಂಕು ಚುಚ್ಚಿರದು ಕಣೆ, ತೋಟದಿಂದ ಬಂದ ತಕ್ಷಣ ಮೈ ತೊಳ್ಕೊ ಅಂದ್ರೆ ಕೇಳಲ್ಲ ನೀನು, ಕೊಬ್ಬರಿ ಎಣ್ಣೆ ಅಚ್ಕೊ. ಹಚ್ಚಿಕೊಂಡಳು ಪಾಪ, ಹೇಳಿದ್ದನ್ನೆಲ್ಲ ಹಚ್ಚಿಕೊಂಡಳು. ಕಬ್ಬು ಕಡಿಯುವ ಸುಗ್ಗಿ, ಊರಲ್ಲಿ ಕೆರೆದುಕೊಳ್ಳದವರು ಯಾರಿದ್ದರು, ಯಾರಿಗೆ ತಾನೇ ಗೊತ್ತಾಗಬೇಕು ಅದು ಕಬ್ಬಿನದಲ್ಲ, ರಕ್ತಕ್ಕೆ ಇಳಿದ ಪಿತ್ತದ ತುರಿಕೆ ಎಂದು, ಹೊಟ್ಟೆಯೊಳಗೆ ಕೊಳವೆ ಕಟ್ಟಿಕೊಂಡಿದೆ ಎಂದು. ಗಾಣದಿಂದ ಕೊಪ್ಪರಿಗೆಗೆ ಕಬ್ಬಿನ ಹಾಲು ಬರುವ ಪೈಪು ಕಟ್ಟಿಕೊಂಡರೆ ಅವನಿಗೆ ನಿದ್ದೆಗಣ್ಣಲ್ಲೂ ಗೊತ್ತಾಗುತ್ತದೆ.

ಮತ್ತೆ ಆ ಹಳದಿ. ಕೆ.ಆರ್. ಪೇಟೆಯ ವ್ಯಾಪಾರಿಗಳು ಬೆಲ್ಲದ ಅಚ್ಚನ್ನು ಬಿಸಿಲಿಗೆ ಹಿಡಿದು ಇವನನ್ನೇ ಕೇಳುತ್ತಾರೆ, ಏನ್ ನಿಂಗರಾಜಣ್ಣ, ಈ ಬಣ್ಣ ನಿಲ್ತದಾ, ಇವನು ಕಣ್ಣು ಕಿರಿದು ಮಾಡಿ ಹೇಳಿದರೆ ಹೇಳಿದ್ದೇ, ಮಳೆಗಾಲ ಬಂದರೆ ಕಪ್ಪಾಗುವ ಹಳದಿ ಯಾವುದು, ಗೌರಿಹಬ್ಬದವರೆಗೂ ನಿಲ್ಲುವ ಹಳದಿ ಯಾವುದು ಎಂದು ಹೇಳಬಲ್ಲ ದೊಡ್ಡ ಮನುಷ್ಯ, ಮನೆಯಲ್ಲಿ ಎದುರಿಗೆ ಕೂತು ಮುದ್ದೆ ಬಡಿಸಿದವಳ ಮುಖದ ಹಳದಿ ಕಾಣಲಿಲ್ಲ. ಕಾಣುವುದು ಹೇಗೆ, ಮದುವೆಯಾದ ದಿನದಿಂದ ಅವಳು ಮಿಂದು ಕೆನ್ನೆಗೆ ಅರಿಶಿನ ಬಳಿದುಕೊಳ್ಳದೆ ಒಲೆ ಹಚ್ಚಿದವಳಲ್ಲ, ಈಗಿನ ಹುಡುಗಿಯರು ಬಿಟ್ಟರು, ಮೇಘನ ಅಂತೂ ಅಮ್ಮಾ ಅದೇನು ಮಾರಮ್ಮನ ಹಂಗೆ ಅಂತ ನಗುತ್ತಾಳೆ, ಅವಳು ಬಿಡಲಿಲ್ಲ. ತುರಿಕೆಯ ಆ ದಿನಗಳಲ್ಲಿ ಮುಖ ಇನ್ನೂ ಹೆಚ್ಚು ಹೊಳೆಯುತ್ತಿತ್ತು, ಅವನ ಅವ್ವ ಮಾಯಮ್ಮ ಜಗಲಿಯ ಮೇಲಿಂದ, ಈ ಸಲದ ಅರಿಸ್ನ ಚೆನ್ನಾಗದೆ ಕಣವ್ವ, ಎಲ್ಲಿ ತಂದೆ, ಲಕುಮಿ ಇದ್ದಂಗೆ ಇದ್ದೀಯ ನೋಡು, ಅವಳೂ ನಾಚಿ ನಕ್ಕಿದ್ದಳು, ಅವನೂ ಒಂದು ಸಲ ತಿರುಗಿ ನೋಡಿ ಸೈ ಅಂದುಕೊಂಡಿದ್ದ, ಥೂ. ಕಾಯಿಲೆಗೆ ದೃಷ್ಟಿ ತೆಗೆಯುವುದೊಂದು ಬಾಕಿ ಇತ್ತು.

ಅಬ್ದುಲ್ ವಾಹಿದ್ ಎಲ್ಲಿ ಹೋದರು, ಬೆಳಗ್ಗೆ ಪಕ್ಕದಲ್ಲೇ ಕೂತಿದ್ದರು, ನಾಗಮಂಗಲ ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ, ತಮ್ಮನಿಗೆ ಲಿವರಿನಲ್ಲಿ ಗಡ್ಡೆ, ಪಕ್ಕದ ಥಿಯೇಟರಿಗೆ ಇವಳ ಜೊತೆಜೊತೆಗೇ ಕರೆದುಕೊಂಡು ಹೋದರು. ಅಣ್ಣಾ ಲಿವರು ಕುಯ್ದ್ರೂ ಬೆಳೀತದಂತೆ, ಅಲ್ಲಾ ಏನ್ ಮಾಲು ಮಾಡಿ ಇಟ್ಟವ್ನೆ ನೋಡಿ, ಟ್ಯೂಬು ಹಂಗೆ ಬೆಳೆಯಂಗಿದ್ರೆ ನಾವೆಲ್ಲ ಅಂಗಡಿ ಮುಚ್ಚಬೇಕಿತ್ತು — ನಗಿಸಿದರು, ಇವನ ಕೈಗೆ ಖರ್ಜೂರ ಇಟ್ಟರು, ಆಮೇಲೆ ನರ್ಸು ಬಂದು ಅವರ ತಮ್ಮನ ಹೆಸರು ಕೂಗಿದಳು, ಬಿಸಿಲಿನ್ನೂ ಕಿಟಕಿಯಿಂದ ಒಳಕ್ಕೇ ಇಳಿದಿರಲಿಲ್ಲ. ಹೋದವರು ಬಂದು ಟವಲು ಮಡಿಸಿದರು, ನೀರಿನ ಬಾಟಲಿ ಎತ್ತಿಕೊಂಡರು, ಬಿಚ್ಚಿ ನೋಡಿ ಹಂಗೇ ಹೊಲ್ದ್ಬುಟ್ರಂತೆ ಅಣ್ಣಾ, ಎಲ್ಲಾ ಕಡೆ ಆಗೋಗದಂತೆ, ನಮ್ ಅಮ್ಮೀಗೆ ಏನಂತ ಹೇಳ್ಳಿ, ನೀವು ಕೂತ್ಕೊಳಿ, ನಿಮ್ದು ತಡ ಆಗ್ಲಿ, ದುವಾ ಮಾಡ್ತೀನಿ. ಖರ್ಜೂರ ಇನ್ನೂ ಕೈಯಲ್ಲೇ ಇದೆ, ಅಂಟಿಕೊಂಡಿದೆ, ತಿನ್ನಲೂ ಆಗುತ್ತಿಲ್ಲ ಬಿಸಾಡಲೂ ಆಗುತ್ತಿಲ್ಲ, ಮೈಯೆಲ್ಲ ಭಾರ, ಸುಗ್ಗಿಯ ಕೊನೆಯ ಕೊಪ್ಪರಿಗೆ ಇಳಿಸಿದ ದಿನವೂ ಇಷ್ಟು ಸುಸ್ತಾಗಿರಲಿಲ್ಲ, ಮಾಡಲು ಒಂದು ಕೆಲಸವಾದರೂ ಇತ್ತಲ್ಲ ಅಲ್ಲಿ.

ಪಾಂಡವಪುರದ ಮದುವೆ, ಅವಳ ತಂಗಿ ಪ್ರಮೀಳಾ ಮಗಳದು, ಛತ್ರಕ್ಕೆ ಹೊರಡುವ ಬೆಳಗ್ಗೆ ಅವಳು ಒಗೆಯುವ ಕಲ್ಲಿನ ಹತ್ತಿರ ಸೋಪು ಹಾಕಿ ಮುಖ ತಿಕ್ಕುತ್ತಿದ್ದಾಳೆ, ಫೋಟೋದಲ್ಲಿ ಅರಿಶಿನ ಚೆನ್ನಾಗಿ ಕಾಣಲ್ಲ ಅಂತ ಮೇಘನ ಗಲಾಟೆ ಮಾಡಿದ್ದಕ್ಕೆ ಅವತ್ತೊಂದು ದಿನ ತೊಳೆಯಲು ಒಪ್ಪಿದ್ದಾಳೆ, ತಿಕ್ಕುತ್ತಾಳೆ, ನೀರು ಸುರಿದುಕೊಳ್ಳುತ್ತಾಳೆ, ಮತ್ತೆ ತಿಕ್ಕುತ್ತಾಳೆ, ಬಸ್ಸು ಹೊಂಟೋಯ್ತದೆ ಕಣೆ ಎಂದು ಇವನು ಕೂಗುತ್ತಾನೆ, ಅವಳು ತಿರುಗುತ್ತಾಳೆ, ಹುಬ್ಬಿನ ಮೇಲೆ ನೊರೆ, ಓಯ್ತಾನೇ ಇಲ್ಲ ನೋಡಿ, ಎಷ್ಟು ತೊಳುದ್ರೂ ಓಯ್ತಿಲ್ಲ. ಕಣ್ಣಿನ ಬಿಳಿಯೂ ಹಳದಿ, ಅಲ್ಲಿಗೆ ಯಾರೂ ಅರಿಶಿನ ಹಚ್ಚುವುದಿಲ್ಲವಲ್ಲ. ಅಷ್ಟೇ, ಮದುವೆಗೆ ಹೋಗಲಿಲ್ಲ, ಕೆ.ಆರ್. ಪೇಟೆ ಡಾಕ್ಟರು, ರಕ್ತ, ಸ್ಕ್ಯಾನು, ಇಲ್ಲಿ ಆಗಲ್ಲ ಕರ್ಕೊಂಡೋಗಿ, ಈ ಆಸ್ಪತ್ರೆ, ಬಾಯಿಂದ ಪೈಪು ಬಿಟ್ಟು ಕೊಳವೆಯೊಳಗೆ ಸ್ಟೆಂಟು ಇಟ್ಟರು, ಕಟ್ಟಿದ ಪಿತ್ತ ಇಳಿಯಿತು, ತುರಿಕೆ ನಿಂತಿತು, ಹಳದಿ ದಿನದಿನಕ್ಕೂ ತೆಳುವಾಯಿತು, ಅವಳೂ ಅರಿಶಿನದ ಬಟ್ಟಲನ್ನು ಮತ್ತೆ ಮುಟ್ಟಲಿಲ್ಲ, ಬ್ಯಾಡ ಬುಡಿ, ನಂಬಕ್ಕಾಗಲ್ಲ ಅದ್ನ. ಒಂದು ಬೆಳಗ್ಗೆ ಕಾಫಿ ಲೋಟ ಕೊಡಲು ಹೋದವನು ಹಾಗೇ ನಿಂತುಬಿಟ್ಟ, ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಎಳ್ಳುಕಾಳಷ್ಟು ಮಚ್ಚೆ, ಇದ್ಯಾವಾಗ ಬಂತೇ, ಇದೂ ಕಾಯಿಲೆದಾ, ಡಾಕ್ಟ್ರಿಗೆ ತೋರ್ಸನಾ ಎಂದು ಗಾಬರಿಯಾದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಉಟ್ದಾಗಿಂದ್ಲೂ ಅಲ್ಲೇ ಅದೆ ಕಣಿ, ನೀವು ನೋಡ್ಬೇಕಲ್ಲ. ಹಾಗಾದರೆ ಮದುವೆಯಾದ ಹೊಸದರಲ್ಲಿ ಶ್ರೀರಂಗಪಟ್ಟಣದ ಸಂಗಮದಲ್ಲಿ ಮುಳುಗಿ ಎದ್ದಳಲ್ಲ, ಅರಿಶಿನವೆಲ್ಲ ಹೊಳೆಗೆ ಹೋಗಿತ್ತಲ್ಲ, ಆಗ ನೋಡಲಿಲ್ಲವೆ ಇವನು, ನೋಡಿದ್ದ, ಏನನ್ನೋ ನೋಡಿದ್ದ, ಸುತ್ತ ನೆಂಟರು, ಸರಿಯಾಗಿ ನೋಡಲು ನಾಚಿಕೆ, ಆಮೇಲೆ ನೋಡಿದರಾಯಿತು ಎಂದುಕೊಂಡ, ಆಮೇಲೆ ಕಬ್ಬು, ಗಾಣ, ಒಲೆ.

ಜಯಲಕ್ಷ್ಮಮ್ಮ ಕಡೆಯವರು. ಯಾರೋ ಕೂಗಿದ್ದು. ಜಯಲಕ್ಷ್ಮಮ್ಮ ಕಡೆಯವರು ಯಾರ್ರೀ — ಇಲ್ಲ, ಇನ್ನೂ ಹೊತ್ತಿದೆ, ಬಿಸಿಲು ಈಗಷ್ಟೇ ಬೆಂಚಿನ ಕಾಲಿಗೆ ಬಂದಿದೆ, ಬೇರೆ ಜಯಲಕ್ಷ್ಮಮ್ಮ ಇರಬೇಕು, ಈ ಕಡೆ ಎಷ್ಟು ಜನ ಇಲ್ಲ ಆ ಹೆಸರಿನವರು, ಅಪ್ಪಾ ನಮ್ಮನ್ನೇ ಏಳಪ್ಪಾ, ಮೇಘನ ತೋಳು ಹಿಡಿದು ಎಬ್ಬಿಸುತ್ತಿದ್ದಾಳೆ, ಹಂಗೇ ಹೊಲ್ದ್ಬುಟ್ರಂತೆ ಅಣ್ಣಾ, ಅವ್ವನಿಗೆ ಏನಂತ ಹೇಳುವುದು, ಜಗಲಿಯ ಮೇಲೆ ಕೂತಿರುವ ಅವ್ವ, ಅಪ್ಪ ಹೋದ ಮೇಲೆ ಮುಖಕ್ಕೆ ಚಿಟಿಕೆ ಅರಿಶಿನ ಕಾಣದ ಅವ್ವ, ಸೊಸೆಯ ಬಣ್ಣ ನೋಡಿ ಹಿಗ್ಗಿದ ಅವ್ವ. ಬಾಗಿಲು ತೆರೆದೇ ಇದೆ. ರಂಜಿತ ಡಾಕ್ಟರು ಹಸಿರು ಬಟ್ಟೆಯಲ್ಲಿ ನಿಂತಿದ್ದಾರೆ, ಕಣ್ಣಷ್ಟೇ ಕಾಣುತ್ತದೆ, ಕಣ್ಣೂ ದಣಿದಿದೆ, ಪಕ್ಕದ ನರ್ಸಿನ ಕೈಯಲ್ಲಿ ಸ್ಟೀಲಿನ ತಟ್ಟೆ, ಹೆದರ್ಬೇಡಿ, ಇದನ್ನ ತೋರಿಸೋಕೆ ಕರೆದಿದ್ದು, ಮನೆಯವರಿಗೆ ತೋರಿಸ್ತೀವಿ, ಗಡ್ಡೆ ಪೂರ್ತಿ ಬಂತು, ಲಿವರು ಚೆನ್ನಾಗಿದೆ, ಬೇರೆ ಕಡೆ ಎಲ್ಲೂ ಕಾಣಲಿಲ್ಲ, ಲ್ಯಾಬಿಗೆ ಕಳಿಸ್ತೀವಿ, ಅದರ ಮೇಲೆ ಮುಂದಿನ ಮಾತು, ಈಗ ಕರುಳು, ಪಿತ್ತದ ಕೊಳವೆ ಎಲ್ಲ ಜೋಡಿಸಬೇಕು, ಅದೇ ದೊಡ್ಡ ಕೆಲಸ.

ತಟ್ಟೆಯಲ್ಲಿ ಕರುಳಿನ ಒಂದು ತುಂಡು, ಹಸಿರುಗಟ್ಟಿದ ಪುಟ್ಟ ಚೀಲ, ನಡುವೆ ನಿಂಬೆಹಣ್ಣಿನಷ್ಟೂ ಇಲ್ಲದ ಬಿಳಿ ಗಂಟು, ಇಷ್ಟೇನಾ, ಇಷ್ಟಕ್ಕೇನಾ, ಕುಯ್ದ ಅಂಚಿನಲ್ಲಿ ಹಳದಿ, ನೋಡಿದ ಕೂಡಲೇ ಗುರುತು ಸಿಕ್ಕಿತು, ಆ ಹಳದಿಯೇ, ಒಗೆಯುವ ಕಲ್ಲಿನ ಹತ್ತಿರ ತೊಳೆದರೂ ಹೋಗದ್ದು. ಅವಳು, ಎಂದ, ಅವಳು ಹೆಂಗವ್ಳೆ ತಾಯಿ. ಒಳಗಿದ್ದಾರೆ, ಸದ್ಯಕ್ಕೆ ಚೆನ್ನಾಗಿದ್ದಾರೆ, ನೀವು ಕೂತ್ಕೊಳಿ, ಇನ್ನೂ ತಡ ಇದೆ. ತಡ ಇದೆ. ಬಾಗಿಲು ಮುಚ್ಚಿಕೊಂಡಿತು, ಮೇಘನ ಅವನ ಭುಜಕ್ಕೆ ಮುಖವಿಟ್ಟು ಅಳುತ್ತಿದ್ದಾಳೆ, ಬೆಂಚು ಅಲ್ಲೇ ಇದೆ, ಕೂತ, ಖರ್ಜೂರ ಬಾಯಿಗೆ ಹಾಕಿಕೊಂಡ, ಜೇಬು ಮುಟ್ಟಿಕೊಂಡ, ಕರ್ಚೀಫಿನಲ್ಲಿ ಅವಳ ತಾಳಿ, ಬೆಳಗ್ಗೆ ನರ್ಸು ತೆಗೆಸಿದ್ದು, ಅರಿಶಿನದ ದಾರ ಬೆರಳಿಗೆ ಹತ್ತಿ ಬೆರಳೆಲ್ಲ ಹಳದಿ, ಪ್ಯಾಂಟಿಗೆ ಒರೆಸಿಕೊಂಡ, ಹೋಗಲಿಲ್ಲ, ಇರಲಿ. ಮನೆಗೆ ಬಂದ ಮೇಲೆ ಅವಳು ಅರಿಶಿನ ಹಚ್ಚಲಿ ಬಿಡಲಿ, ಅವಳಿಷ್ಟ, ಮೊದಲು ಬೆಳಕಿಗೆ ಕೂರಿಸಿ ನೋಡಬೇಕು, ದಿನಾ ನೋಡಬೇಕು — ಬೆಳಗ್ಗೆ ಟ್ರಾಲಿಯ ಮೇಲೆ, ಹಸಿರು ಟೋಪಿ ಹಾಕಿಸಿಕೊಂಡು, ಬರಿಗೊರಳು, ಬರಿಮುಖ, ಇದೇ ಬಾಗಿಲ ಮುಂದೆ ಅವಳು ಕತ್ತು ಹೊರಳಿಸಿ, ಸರ್ಯಾಗಿ ನೋಡ್ಕೊಂಬುಡಿ, ಆಮ್ಯಾಕೆ ಗುರ್ತು ಸಿಗ್ನಿಲ್ಲ ಅನ್ಬ್ಯಾಡಿ, ಟ್ರಾಲಿ ಹೊರಟಿತು, ಅವನು ನೋಡಿದ, ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಮಚ್ಚೆ, ಎಳ್ಳುಕಾಳಷ್ಟು, ಕಣ್ಣಿನ ಕೆಳಗೆ, ಆ ಮಚ್ಚೆ